ವೆನಿಸ್‌ನ ಆ ಫೋಟೋದಲ್ಲಿ ಚಂದ್ರ ಎಲ್ಲಿಂದ ಬಂದ?

ಪ್ರಶ್ನೆ: ಹಳೆ ಪುಸ್ತಕದ ಅಂಗಡಿಯಲ್ಲಿ ರಟ್ಟಿಗೆ ಅಂಟಿಸಿದ ಒಂದು ದೊಡ್ಡ ಫೋಟೋ ಸಿಕ್ಕಿತು. ನೀಲಿ ಛಾಯೆ ಇದೆ. ನೀರಿನ ಆಚೆ ಕಂಬಗಳ ಸಾಲಿನ ಅರಮನೆ, ಅದರ ಎಡಕ್ಕೆ ಎತ್ತರದ ಗಂಟೆ ಗೋಪುರ, ಮುಂದೆ ಒಂದು ಕಪ್ಪು ದೋಣಿ. ಅರಮನೆಯ ಬಲ ತುದಿಯ ಮೇಲೆ, ಮೋಡಗಳ ನಡುವೆ ಹುಣ್ಣಿಮೆ ಚಂದ್ರ. ಕೆಳಗೆ ಬಿಳಿ ಅಕ್ಷರದಲ್ಲಿ 'ವೆನೆಜಿಯಾ' ಅಂತ ಇದೆ, ಉಳಿದ ಅಕ್ಷರ ಹರಿದು ಹೋಗಿವೆ. ದಡದಲ್ಲಿ ಒಬ್ಬ ಮನುಷ್ಯನೂ ಇಲ್ಲ, ನೀರು ಗಾಜಿನ ಹಾಗಿದೆ. ಇದು ಯಾವ ಕಾಲದ್ದು? ರಾತ್ರಿ ತೆಗೆದದ್ದಾ? ಊರು ಅಷ್ಟು ಖಾಲಿ ಇತ್ತಾ? ನಮ್ಮ ಸೋದರಮಾವ ನೋಡಿ 'ಇದು ನಕಲಿ' ಅಂದುಬಿಟ್ಟರು. ಇಂಟರ್ನೆಟ್ಟಿನಲ್ಲಿ ಇದೇ ಜಾಗದ ಬಣ್ಣದ ಚಿತ್ರ ಇದೆ, 1890ರ ದಶಕದ್ದಂತೆ. ಆಗಲೇ ಬಣ್ಣದ ಫೋಟೋ ಇತ್ತಾ? ಎರಡೂ ಬದಿಯ ಸ್ಕ್ಯಾನ್ ಕಳಿಸಿದ್ದೇನೆ.

ಉತ್ತರ: ಸ್ಕ್ಯಾನ್ ಚೆನ್ನಾಗಿ ಬಂದಿದೆ. ಎರಡು ಸಂಜೆ ಇದನ್ನೇ ನೋಡುತ್ತಾ ಕೂತಿದ್ದೆ. ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಫೋಟೋ ಅಸಲಿ, ಹಳೆಯದು, 19ನೇ ಶತಮಾನದ್ದೇ. ಆದರೆ ಅದು ರಾತ್ರಿ ತೆಗೆದದ್ದಲ್ಲ. ಒಳ್ಳೆ ಬಿಸಿಲಿರುವ ಒಂದು ಮಧ್ಯಾಹ್ನ ತೆಗೆದದ್ದು. ಚಂದ್ರನನ್ನು ಆಮೇಲೆ ಕೈಯಿಂದ ಇಟ್ಟಿದ್ದಾರೆ. ಊರು ಖಾಲಿ ಇರಲಿಲ್ಲ. ಆ ದಡದಲ್ಲಿ ಜನ ಇದ್ದರು, ನಿಮ್ಮ ಚಿತ್ರದಲ್ಲೂ ಇದ್ದಾರೆ. ಅವರನ್ನು ಹೇಗೆ ಹುಡುಕಬೇಕು ಅಂತ ಮುಂದೆ ಹೇಳುತ್ತೇನೆ.

ಮೊದಲು ಕ್ಯಾಮೆರಾ ಎಲ್ಲಿತ್ತು ನೋಡೋಣ. ಅರಮನೆ ಅಂದರೆ ಡೋಜೆಯ ಅರಮನೆ, ವೆನಿಸ್ ಗಣರಾಜ್ಯದ ಮುಖ್ಯಸ್ಥ ವಾಸ ಇದ್ದ ಕಟ್ಟಡ. ಗೋಪುರ ಸಂತ ಮಾರ್ಕನ ಗಂಟೆ ಗೋಪುರ, 98.6 ಮೀಟರ್ ಎತ್ತರ. ಇವೆರಡೂ ಇಷ್ಟು ನೇರವಾಗಿ, ನೀರಿನ ಆಚೆಯಿಂದ ಕಾಣಬೇಕಾದರೆ ಕ್ಯಾಮೆರಾ ಸಾನ್ ಜಾರ್ಜೊ ಮಜ್ಜೋರೆ ದ್ವೀಪದ ಕಟ್ಟೆಯ ಮೇಲೆ ಇರಬೇಕು. ದೋಣಿಯಲ್ಲಿ ಇಟ್ಟು ತೆಗೆದದ್ದು ಅಂತ ನಿಮಗೆ ಅನಿಸಬಹುದು. ಆಗಿನ ಕ್ಯಾಮೆರಾದ ಮುಚ್ಚಳ ಒಂದೆರಡು ಸೆಕೆಂಡು, ಎಷ್ಟೋ ಸಲ ಅದಕ್ಕಿಂತ ಜಾಸ್ತಿ ಹೊತ್ತು ತೆರೆದಿರಬೇಕಿತ್ತು. ತೂಗಾಡುವ ದೋಣಿಯಿಂದ ತೆಗೆದಿದ್ದರೆ ಅರಮನೆಯ ಕಂಬಗಳು ಇಷ್ಟು ಚೂಪಾಗಿ ಬರುತ್ತಲೇ ಇರಲಿಲ್ಲ. ಗಟ್ಟಿ ನೆಲದ ಮೇಲೆ, ಭಾರದ ಮುಕ್ಕಾಲಿ ಊರಿ ತೆಗೆದದ್ದು ಇದು.

ಈಗ ಚಂದ್ರನ ವಿಚಾರಕ್ಕೆ ಬರೋಣ. ಸಾನ್ ಜಾರ್ಜೊದಲ್ಲಿ ನಿಂತು ಅರಮನೆ ನೋಡಿದರೆ ನಿಮ್ಮ ಮುಖ ಉತ್ತರದ ಕಡೆ ಇರುತ್ತದೆ, ತುಸು ವಾಯವ್ಯಕ್ಕೆ ವಾಲಿ. ನಿಮ್ಮ ಚಿತ್ರದ ಚಂದ್ರ ಇರುವುದು ಅರಮನೆಯ ಬಲ ತುದಿಯ ಮೇಲೆ, ಅಂದರೆ ನೇರ ಉತ್ತರದ ಹತ್ತಿರ, ಅದೂ ಛಾವಣಿಗಿಂತ ಸ್ವಲ್ಪವೇ ಮೇಲೆ. ನಮ್ಮೂರುಗಳಲ್ಲಿ ಚಂದ್ರ ಕೆಲವು ತಿಂಗಳು ನೆತ್ತಿ ದಾಟಿ ಉತ್ತರಕ್ಕೆ ಸರಿಯುವುದುಂಟು. ಹಾಗಾಗಿ ನಮಗೆ ಇದು ವಿಚಿತ್ರ ಅನಿಸುವುದಿಲ್ಲ. ಆದರೆ ವೆನಿಸ್ ಇರುವುದು 45 ಡಿಗ್ರಿ ಅಕ್ಷಾಂಶದಲ್ಲಿ. ಅಲ್ಲಿ ಚಂದ್ರ ಆಕಾಶದ ದಕ್ಷಿಣ ಭಾಗದಲ್ಲೇ ಸಾಗುತ್ತಾನೆ. ಮುಳುಗುವಾಗ ಹೆಚ್ಚೆಂದರೆ ವಾಯವ್ಯದ ತನಕ ಬಂದಾನು. ಅರಮನೆಯ ಆ ಮೂಲೆಯ ಮೇಲೆ ಅವನು ಯಾವತ್ತೂ ಕಾಣಿಸಿಕೊಂಡಿಲ್ಲ, ಮುಂದೆಯೂ ಕಾಣಿಸುವುದಿಲ್ಲ.

ಇನ್ನೊಂದು ಲೆಕ್ಕ ನೀವೇ ಮನೆಯಲ್ಲಿ ಮಾಡಿ ನೋಡಬಹುದು, ಸ್ಕೇಲ್ ಒಂದಿದ್ದರೆ ಸಾಕು. ಸಾನ್ ಜಾರ್ಜೊ ಕಟ್ಟೆಯಿಂದ ಗಂಟೆ ಗೋಪುರಕ್ಕೆ ಸುಮಾರು 600 ಮೀಟರ್. ಅಷ್ಟು ದೂರದಿಂದ 98.6 ಮೀಟರಿನ ಗೋಪುರ ಕಣ್ಣಿಗೆ ಸುಮಾರು 9 ಡಿಗ್ರಿ ಎತ್ತರ ಕಾಣುತ್ತದೆ. ಚಂದ್ರ ಎಲ್ಲಿಂದ ನೋಡಿದರೂ ಸುಮಾರು ಅರ್ಧ ಡಿಗ್ರಿ. ಅಂದರೆ ಗೋಪುರದ ಎತ್ತರವನ್ನು 18 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಅಗಲ ಚಂದ್ರ ಇರಬೇಕು. ನಿಮ್ಮ ಸ್ಕ್ಯಾನಿನಲ್ಲಿ ನಾನು ಅಳೆದೆ. ಹೆಚ್ಚುಕಡಿಮೆ 6ರಲ್ಲಿ ಒಂದು ಪಾಲು ಇದ್ದಾನೆ. ಮೂರು ಪಟ್ಟು ದೊಡ್ಡ ಚಂದ್ರ!

ಹಾಗಾದರೆ ಬೆಳಕು ಎಲ್ಲಿಂದ ಬಂತು? ಅರಮನೆಯ ಕೆಳಗಿನ ಕಮಾನುಗಳನ್ನು ಭೂತಗನ್ನಡಿಯಲ್ಲಿ ನೋಡಿ. ಪ್ರತಿ ಕಂಬದ ನೆರಳು ಬಲಕ್ಕೆ ಬಿದ್ದಿದೆ, ಅಂಚು ಚೂಪಾಗಿದೆ. ಬೆಳಕು ನಿಮ್ಮ ಎಡಗಡೆಯಿಂದ, ಬೆನ್ನ ಹಿಂದಿನಿಂದ ಬರುತ್ತಿದೆ. ಉತ್ತರಕ್ಕೆ ಮುಖ ಮಾಡಿ ನಿಂತವರಿಗೆ ಎಡ ಅಂದರೆ ಪಶ್ಚಿಮ. ಅಂದರೆ ನೈಋತ್ಯದಲ್ಲಿದ್ದ ಸೂರ್ಯ, ಮಧ್ಯಾಹ್ನ ಕಳೆದ ಹೊತ್ತು. ಆಕಾಶದಲ್ಲಿ ಕಾಣುವ ಚಂದ್ರ ಕಟ್ಟಡದ ಹಿಂದಿದ್ದಾನೆ, ಕಟ್ಟಡದ ಮುಖ ಮಾತ್ರ ಬೆಳಗುತ್ತಿದೆ. ಇದೊಂದೇ ಸಾಕು.

ಆ ಕಾಲದಲ್ಲಿ ಬೆಳದಿಂಗಳಲ್ಲಿ ನಿಜವಾಗಲೂ ಫೋಟೋ ತೆಗೆಯಲು ಆಗುತ್ತಿತ್ತಾ ಅಂತ ಕೇಳಿದರೆ, ಇಂಥದ್ದನ್ನು ಆಗುತ್ತಿರಲಿಲ್ಲ. ಯಾಕೆ ಅಂತ ತಿಳಿಯಲು ಆಗಿನ ಕೆಲಸದ ಕ್ರಮ ಸ್ವಲ್ಪ ಗೊತ್ತಿರಬೇಕು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಅನ್ನುವ ಇಂಗ್ಲಿಷಿನವನು ಒದ್ದೆ ಕೊಲೋಡಿಯನ್ ಅನ್ನುವ ಪದ್ಧತಿಯನ್ನು ಪ್ರಕಟಿಸಿದ. ಗಾಜಿನ ಹಲಗೆಯ ಮೇಲೆ ಅಂಟಂಟಾದ ಕೊಲೋಡಿಯನ್ ದ್ರಾವಣ ಸುರಿದು, ದೋಸೆ ಹಿಟ್ಟು ಹರಡಿದ ಹಾಗೆ ಎಲ್ಲಾ ಕಡೆ ತೆಳ್ಳಗೆ ಹರಡಬೇಕು. ಆಮೇಲೆ ಕತ್ತಲಲ್ಲಿ ಬೆಳ್ಳಿಯ ನೈಟ್ರೇಟ್ ದ್ರಾವಣದಲ್ಲಿ ಅದ್ದಬೇಕು. ಒದ್ದೆ ಇರುವಾಗಲೇ ಕ್ಯಾಮೆರಾಕ್ಕೆ ಹಾಕಿ ಚಿತ್ರ ತೆಗೆದು, ಒದ್ದೆ ಇರುವಾಗಲೇ ತೊಳೆಯಬೇಕು. ಒಟ್ಟು ಹತ್ತು ಹದಿನೈದು ನಿಮಿಷದ ಅವಕಾಶ. ಒಣಗಿದರೆ ಹಲಗೆ ಕೆಟ್ಟಿತು. ಹಾಗಾಗಿ ಫೋಟೋಗ್ರಾಫರ್ ಹೋದಲ್ಲೆಲ್ಲಾ ಕತ್ತಲೆಯ ಡೇರೆಯೊಂದು ಜೊತೆಗೇ ಹೋಗಬೇಕಿತ್ತು. ಈಗ ಲೆಕ್ಕ ಹಾಕಿ. ಹುಣ್ಣಿಮೆಯ ಬೆಳಕು ಬಿಸಿಲಿಗಿಂತ ಸುಮಾರು 4 ಲಕ್ಷ ಪಟ್ಟು ಮಂದ. ಬಿಸಿಲಲ್ಲಿ 2 ಸೆಕೆಂಡು ಸಾಕಾದರೆ ಬೆಳದಿಂಗಳಲ್ಲಿ 8 ಲಕ್ಷ ಸೆಕೆಂಡು ಬೇಕು. ಅಂದರೆ ಒಂಬತ್ತು ದಿನಕ್ಕೂ ಜಾಸ್ತಿ. ಹದಿನೈದು ನಿಮಿಷದಲ್ಲಿ ಒಣಗುವ ಹಲಗೆಗೆ ಒಂಬತ್ತು ದಿನ ಎಲ್ಲಿಂದ ತರುವುದು?

ಹಗಲನ್ನು ರಾತ್ರಿ ಮಾಡುತ್ತಿದ್ದದ್ದು ಹೀಗೆ. ಗಾಜಿನ ನೆಗೆಟಿವ್‌ನಲ್ಲಿ ಎಲ್ಲವೂ ತಿರುವುಮುರುವು. ಬೆಳಕಿನ ಜಾಗ ಕಪ್ಪು, ಕತ್ತಲ ಜಾಗ ಪಾರದರ್ಶಕ. ಅದರ ಮೇಲೆ ಚಂದ್ರ ಬೇಕಾದಲ್ಲಿ ದಟ್ಟ ಬಣ್ಣದ ಒಂದು ಚುಕ್ಕೆ ಇಟ್ಟರೆ ಆ ಜಾಗದಲ್ಲಿ ಬೆಳಕು ದಾಟುವುದಿಲ್ಲ, ಕಾಗದ ಬೆಳ್ಳಗೆ ಉಳಿಯುತ್ತದೆ. ಅದೇ ಚಂದ್ರ. ಕಿಟಕಿಯ ದೀಪಗಳೂ ಅದೇ ರೀತಿ. ನೀರಿನ ಮೇಲಿನ ಬೆಳ್ಳಿ ಗೆರೆಗಳೂ ಅದೇ. ಆಮೇಲೆ ಕಾಗದವನ್ನು ಬಿಸಿಲಿಗೆ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಒಡ್ಡಿ ಇಡೀ ಚಿತ್ರವನ್ನು ಕಪ್ಪಾಗಿಸುತ್ತಿದ್ದರು. ಕೊನೆಗೆ ನೀಲಿ ಬಣ್ಣ. ವೆನಿಸ್‌ನಲ್ಲಿ ಈ ಕೈಚಳಕಕ್ಕೆ ಹೆಸರಾದವನು ಕಾರ್ಲೊ ನಾಯಾ. ಅವನು ಹುಟ್ಟಿದ್ದು 1816ರಲ್ಲಿ, ತೀರಿಕೊಂಡದ್ದು 1882ರಲ್ಲಿ. ಅವನ ಅಂಗಡಿಯ ಬೆಳದಿಂಗಳ ಚಿತ್ರಗಳನ್ನು ಯುರೋಪಿನ ಎಲ್ಲ ಕಡೆಯಿಂದ ಬಂದ ಪ್ರವಾಸಿಗಳು ಕೊಂಡುಕೊಂಡು ಹೋಗುತ್ತಿದ್ದರು.

ನಿಮ್ಮ ಫೋಟೋ ನಾಯಾನದೇ ಅಂತ ನಾನು ಬರೆದುಕೊಡುವುದಿಲ್ಲ. ಹೆಸರು ಇರಬೇಕಾದ ಮೂಲೆಯೇ ಹರಿದಿದೆ. ಶೈಲಿ ಅವನದು. ಆದರೆ ಒಳ್ಳೆ ವ್ಯಾಪಾರ ಆಗುವ ಶೈಲಿಯನ್ನು ಪಕ್ಕದ ಅಂಗಡಿಯವರೂ ಬಿಡುತ್ತಿರಲಿಲ್ಲ.

ಮೋಡಗಳ ಬಗ್ಗೆಯೂ ಒಂದು ಮಾತು. ಕೊಲೋಡಿಯನ್ ಹಲಗೆಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಕೆಂಪು, ಹಳದಿ, ಹಸಿರಿಗೆ ಅದು ಹತ್ತಿರ ಹತ್ತಿರ ಕುರುಡು. ಹಾಗಾಗಿ ನೀಲಿ ಆಕಾಶ ಬರೀ ಬಿಳಿ ಹಾಳೆಯಾಗುತ್ತಿತ್ತು. ಕಟ್ಟಡಕ್ಕೆ ಸರಿಯಾದ ಸಮಯ ಕೊಟ್ಟರೆ ಮೋಡ ಕರಗಿ ಹೋಗುತ್ತಿತ್ತು. ಕಟ್ಟಡವೂ ಮೋಡವೂ ಒಂದೇ ಹಲಗೆಯಲ್ಲಿ ಸಿಗುವುದು ಬಹಳ ಕಷ್ಟ. ಅದಕ್ಕೇ ಮೋಡಕ್ಕೆಂದೇ ಬೇರೆ ನೆಗೆಟಿವ್ ಇಟ್ಟುಕೊಂಡು ಎರಡನ್ನೂ ಒಂದೇ ಕಾಗದದ ಮೇಲೆ ಸೇರಿಸುತ್ತಿದ್ದರು. ಕೆಲವರು ಬ್ರಷ್ ಹಿಡಿದು ಬಿಡಿಸುತ್ತಿದ್ದರು. ಇದು ವೆನಿಸ್‌ನವರ ಕೆಲಸ ಮಾತ್ರ ಅಲ್ಲ. 1854ರಲ್ಲಿ ನಮ್ಮ ಹಳೇಬೀಡು, ಬೇಲೂರಿಗೆ ಬಂದು ಫೋಟೋ ತೆಗೆದ ಲಿನ್ನಿಯಸ್ ಟ್ರೈಪ್ ಮರುವರ್ಷ ಬರ್ಮಾಕ್ಕೆ ಹೋದ. ಅಲ್ಲಿ ತೆಗೆದ ಕಾಗದದ ನೆಗೆಟಿವ್‌ಗಳ ಮೇಲೆ ಮೋಡಗಳನ್ನು ಕೈಯಿಂದಲೇ ಬಿಡಿಸಿದ. ಅವನು ಸೈನ್ಯದ ಅಧಿಕಾರಿ, ತೆಗೆದದ್ದು ಸರ್ಕಾರಿ ದಾಖಲೆ. ಆದರೂ ಖಾಲಿ ಆಕಾಶ ಅವನಿಗೆ ಸಹಿಸಲಿಲ್ಲ.

ಇದೇ ಬಣ್ಣಗುರುಡು ನಿಮ್ಮ ಚಿತ್ರ 'ರಾತ್ರಿ' ಅನಿಸಲು ಸಹಾಯ ಮಾಡಿದೆ. ಗೋಪುರ ಕೆಂಪು ಇಟ್ಟಿಗೆಯದು, ಹಲಗೆಗೆ ಕೆಂಪು ಕಾಣದೆ ಕಪ್ಪಾಗಿ ನಿಂತಿದೆ. ಅರಮನೆಯ ಮೇಲ್ಗೋಡೆ ಗುಲಾಬಿ ಮತ್ತು ಬಿಳಿ ಕಲ್ಲಿನದು, ಗುಲಾಬಿ ಮಂಕಾಗಿದೆ. ಹಳೆ ಫೋಟೋದಲ್ಲಿ ಕಪ್ಪಾಗಿ ಕಂಡದ್ದೆಲ್ಲಾ ಕಪ್ಪು ಅಂದುಕೊಳ್ಳಬೇಡಿ.

ಈಗ ಜನ ಎಲ್ಲಿ ಅನ್ನುವ ಪ್ರಶ್ನೆ. ನನಗೆ ತುಂಬಾ ಇಷ್ಟವಾದ ಭಾಗ ಇದು. ಎರಡು ಕಂಬಗಳು ಕಾಣುತ್ತಿವೆ ಅಲ್ವಾ, ನೀರಿನ ಅಂಚಿಗೆ? ಬಲಗಡೆಯದರ ಮೇಲೆ ರೆಕ್ಕೆಯ ಸಿಂಹ, ಎಡಗಡೆಯದರ ಮೇಲೆ ಸಂತ ತೆಯೊದೋರೊ. ಅವುಗಳ ನಡುವಿನ ನೆಲವನ್ನು ಸ್ಕ್ಯಾನಿನಲ್ಲಿ ದೊಡ್ಡದು ಮಾಡಿ ನೋಡಿ. ಬೂದಿ ಬಳಿದ ಹಾಗೆ ಕೆಲವು ಗೀರುಗಳಿವೆ. ಕಲೆ ಅಲ್ಲ ಅವು. ನಡೆಯುತ್ತಿದ್ದ ಮನುಷ್ಯರು. ಎರಡು ಸೆಕೆಂಡಿನಲ್ಲಿ ಒಬ್ಬ ಎರಡು ಮೂರು ಹೆಜ್ಜೆ ಹಾಕುತ್ತಾನೆ. ಅವನು ಒಂದು ಕಡೆ ನಿಲ್ಲದ ಕಾರಣ ಹಲಗೆಯ ಮೇಲೆ ಎಲ್ಲೂ ಪೂರ್ತಿ ಮೂಡುವುದಿಲ್ಲ, ಹಿಂದಿನ ಕಲ್ಲು ಅವನ ಮೈ ಮೂಲಕ ಕಾಣುತ್ತದೆ. ಬಲಗಡೆ ಸೇತುವೆಯ ಬುಡದಲ್ಲಿ ಒಂದು ಜೊತೆ ಕಾಲು ಮಾತ್ರ ಇದೆ, ಮೇಲಿನ ಮೈ ಇಲ್ಲ. ಅವರು ನಿಂತಲ್ಲೇ ತಿರುಗಿ ಯಾರನ್ನೋ ಮಾತನಾಡಿಸಿರಬೇಕು. ಕಾಲು ಕದಲಲಿಲ್ಲ, ಮೈ ಕದಲಿತು. ಸುಮಾರು ಒಂದೂವರೆ ಶತಮಾನದ ಹಿಂದೆ ಯಾರೋ ಹೊರಳಿ ನೋಡಿದ ಆ ಗಳಿಗೆ ನಿಮ್ಮ ಮನೆಯಲ್ಲಿದೆ.

ನೀರು ಗಾಜಿನ ಹಾಗೆ ಕಾಣುವುದಕ್ಕೂ ಇದೇ ಕಾರಣ. ಆ ಜಾಗ ಸಣ್ಣ ಕಾಲುವೆ ಅಲ್ಲ, ಸಮುದ್ರಕ್ಕೆ ತೆರೆದುಕೊಂಡ ವಿಶಾಲ ನೀರು. ದಿನವಿಡೀ ದೋಣಿ, ಹಡಗು ಓಡಾಡುವ ಜಾಗ, ಸಣ್ಣ ತೆರೆಗಳು ಇದ್ದೇ ಇರುತ್ತವೆ. ಸೆಕೆಂಡುಗಳ ಕಾಲ ಏರಿಳಿದ ತೆರೆಗಳೆಲ್ಲ ಒಂದರ ಮೇಲೊಂದು ಬಿದ್ದು ನೀರು ಹಾಲಿನ ಹಾಗೆ ನಯವಾಯಿತು. ಕವಿಗಳು, ಪ್ರವಾಸಿಗಳು 'ಮೌನ ನಗರ' ಅಂತ ಈ ಊರನ್ನು ಕರೆದದ್ದು ಕೇಳಿದಾಗೆಲ್ಲ ನನಗೆ ಬೇಸರ ಆಗುತ್ತದೆ. ದೋಣಿ ಹುಟ್ಟಿನ ಸದ್ದು, ಅಂಬಿಗರ ಕೂಗು, ಮೀನು ಮಾರುವವರ ಗದ್ದಲ ತುಂಬಿದ್ದ ಊರು ಅದು. ಫೋಟೋಗಳೇ ಅದನ್ನು ಮೌನ ಮಾಡಿಬಿಟ್ಟವು ಅಂತ ನನ್ನ ಗಟ್ಟಿ ಅಭಿಪ್ರಾಯ.

ಮುಂದಿರುವ ದೋಣಿ ಮಾತ್ರ ಚೂಪಾಗಿದೆ. ಅದು ಗೊಂಡೊಲಾ. ನಡುವೆ ಕಪ್ಪು ಗೂಡಿದೆ, ಫೆಲ್ಜೆ ಅಂತಾರೆ. ಚಳಿ, ಮಳೆ, ಬಿಸಿಲಿಗೆ ಅದರೊಳಗೆ ಕೂರುತ್ತಿದ್ದರು. ಈಗಿನ ಗೊಂಡೊಲಾಗಳಲ್ಲಿ ಅದು ಇಲ್ಲ. ಚಲಿಸುವ ನೀರಿನ ಮೇಲೆ ಇಷ್ಟು ಚೂಪಾಗಿ ನಿಂತಿದೆ ಅಂದರೆ ಒಂದೋ ಗೂಟಕ್ಕೆ ಬಿಗಿಯಾಗಿ ಕಟ್ಟಿದ್ದಾರೆ, ಇಲ್ಲವೇ ಬೇರೆ ನೆಗೆಟಿವ್‌ನಿಂದ ತಂದು ಸೇರಿಸಿದ್ದಾರೆ. ನಾನು ಎರಡನೆಯದು ಅನ್ನುತ್ತೇನೆ. ಯಾಕೆಂದರೆ ದೋಣಿಯ ಪ್ರತಿಬಿಂಬ ನೀರಿನಲ್ಲಿ ಅರ್ಧಕ್ಕೇ ನಿಂತಿದೆ. ಅಂಬಿಗನಿಗೆ ಪ್ರತಿಬಿಂಬವೇ ಇಲ್ಲ.

ಆ ಅಂಬಿಗನಿಂದ ಇನ್ನೊಂದು ಉಪಯೋಗ ಇದೆ. ಗೊಂಡೊಲಾದ ಅಂಬಿಗ ಹಿಂಬದಿಯಲ್ಲಿ ನಿಂತು, ಮುಂದೆ ಮುಖ ಮಾಡಿ, ಒಂದೇ ಹುಟ್ಟು ಹಾಕುತ್ತಾನೆ. ಆ ಹುಟ್ಟು ಯಾವಾಗಲೂ ದೋಣಿಯ ಬಲ ಬದಿಗೆ. ಒಬ್ಬನೇ ಅಂಬಿಗ ಇರುವ ಚಿತ್ರದಲ್ಲಿ ಹುಟ್ಟು ಎಡಕ್ಕಿದ್ದರೆ ಚಿತ್ರ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿದೆ ಅಂತ ಅರ್ಥ. 1840ರ ದಶಕದಲ್ಲಿ ಬೆಳ್ಳಿ ಹಲಗೆಯ ಮೇಲೆ ತೆಗೆದ ಡಾಗೆರೊಟೈಪ್‌ಗಳು ಸಾಮಾನ್ಯವಾಗಿ ಹೀಗೆ ಅದಲುಬದಲಾಗಿರುತ್ತವೆ. ಇಂಗ್ಲಿಷ್ ವಿಮರ್ಶಕ ಜಾನ್ ರಸ್ಕಿನ್ 1845ರಲ್ಲಿ ವೆನಿಸ್‌ನಲ್ಲಿ ಕೊಂಡದ್ದು ಇಂಥವನ್ನೇ. ನಿಮ್ಮದರಲ್ಲಿ ಹುಟ್ಟು ಬಲಕ್ಕಿದೆ, ಸಿಂಹವೂ ಬಲಕ್ಕಿದೆ. ಚಿತ್ರ ಸರಿಯಾಗಿದೆ.

ಇನ್ನು ಕಾಲ ಯಾವುದು. ಬಹಳ ಜನ ಗೋಪುರ ನೋಡಿ ಹೇಳಿಬಿಡುತ್ತಾರೆ. ಅಲ್ಲೇ ಎಡವುವುದು. ಆ ಗೋಪುರ 1902ರ ಜುಲೈ 14ರ ಬೆಳಿಗ್ಗೆ ಕುಸಿದು ಬಿತ್ತು. ಪೂರ್ತಿ ನೆಲಸಮ. ಆಮೇಲೆ 'ಇದ್ದಲ್ಲೇ, ಇದ್ದ ಹಾಗೇ' ಕಟ್ಟಬೇಕು ಅಂತ ತೀರ್ಮಾನಿಸಿ 1912ರ ಏಪ್ರಿಲ್ 25ರಂದು ಹೊಸದನ್ನು ಉದ್ಘಾಟಿಸಿದರು. ಇದ್ದ ಹಾಗೇ ಕಟ್ಟಿದ್ದರಿಂದ ನೀರಿನ ಆಚೆಯಿಂದ ಹಳೆಯದೋ ಹೊಸದೋ ಗೊತ್ತಾಗುವುದಿಲ್ಲ. ಗೋಪುರ ಇಲ್ಲದ ಚಿತ್ರ ಸಿಕ್ಕರೆ ಆ ಹತ್ತು ವರ್ಷದೊಳಗಿನದು ಅಂತ ಧೈರ್ಯವಾಗಿ ಹೇಳಬಹುದು. ಇರುವ ಚಿತ್ರಕ್ಕೆ ಬೇರೆ ಸಾಕ್ಷಿ ಬೇಕು.

ನಿಮ್ಮ ಚಿತ್ರದ ಬಲ ಅಂಚಿನಲ್ಲಿ ಆ ಸಾಕ್ಷಿ ಇದೆ. ಸೇತುವೆ ದಾಟಿದ ಮೇಲೆ ರಿವಾ ದೆಲಿ ಸ್ಕ್ಯಾವೋನಿ ಅನ್ನುವ ದಡದ ರಸ್ತೆ ಸಾಕಷ್ಟು ದೂರ ಕಾಣುತ್ತದೆ. 1887ರಲ್ಲಿ ಅಲ್ಲಿ ರಾಜ ಎರಡನೇ ವಿಟ್ಟೊರಿಯೊ ಎಮಾನುಯೆಲೆಯ ಕುದುರೆ ಮೇಲಿನ ದೊಡ್ಡ ಕಂಚಿನ ಪ್ರತಿಮೆ ನಿಲ್ಲಿಸಿದರು. ಎತ್ತರದ ಪೀಠ ಅದಕ್ಕೆ, ನೀರಿನ ಆಚೆಯಿಂದಲೂ ಕಾಣುತ್ತದೆ. ನಿಮ್ಮ ಚಿತ್ರದಲ್ಲಿ ಆ ಜಾಗ ಖಾಲಿ. ಪ್ರತಿಮೆ ಎದ್ದು ಓಡುವುದಿಲ್ಲ, ಎಷ್ಟು ಸೆಕೆಂಡು ತೆರೆದಿಟ್ಟರೂ ಮೂಡುತ್ತದೆ. ಆದ್ದರಿಂದ ನೆಗೆಟಿವ್ 1887ಕ್ಕಿಂತ ಹಿಂದಿನದು. ಇನ್ನೂ ಹಿಂದೆ ಹೋಗಬಹುದು. 1876ರಿಂದ ಅರಮನೆಯ ದೊಡ್ಡ ದುರಸ್ತಿ ಶುರುವಾಗಿ ಹತ್ತು ವರ್ಷಕ್ಕೂ ಹೆಚ್ಚು ನಡೆಯಿತು. ಬಿರುಕು ಬಿಟ್ಟ ಕಂಬದ ತಲೆಗಳನ್ನು ಇಳಿಸಿ ಹೊಸದು ಕೂರಿಸಿದರು. ಆಗಿನ ಚಿತ್ರಗಳಲ್ಲಿ ಮರದ ಸಾರವೆ ಎದ್ದು ಕಾಣುತ್ತದೆ. ನಿಮ್ಮದರಲ್ಲಿ ಒಂದು ಕೋಲೂ ಇಲ್ಲ. 1876ಕ್ಕೆ ಹಿಂದಿನದು ಅನ್ನುವ ಕಡೆಗೇ ನನ್ನ ಮನಸ್ಸು ವಾಲುತ್ತದೆ.

ಉಗಿ ದೋಣಿ ಕಾಣುತ್ತಿಲ್ಲವಲ್ಲ, ಅದನ್ನೂ ಸಾಕ್ಷಿ ಅನ್ನಬಹುದಾ ಅಂತ ಕೇಳಬಹುದು. ವೆನಿಸ್‌ನ ದೊಡ್ಡ ಕಾಲುವೆಯಲ್ಲಿ ಸಾರ್ವಜನಿಕ ಉಗಿ ದೋಣಿ ಓಡಿದ್ದು 1881ರಲ್ಲಿ. ಅನ್ನಕ್ಕೆ ಕುತ್ತು ಬಂತು ಅಂತ ಗೊಂಡೊಲಾದವರು ಅದೇ ವರ್ಷ ಮುಷ್ಕರ ಹೂಡಿದರು. ಆದರೆ ಓಡುವ ದೋಣಿ ಫೋಟೋದಲ್ಲಿ ಕರಗಿ ಹೋಗಬಹುದು. ಹಾಗಾಗಿ ಅದು ಕಾಣದಿರುವುದು ಏನನ್ನೂ ಸಾಬೀತು ಮಾಡುವುದಿಲ್ಲ. ಕದಲದೆ ನಿಲ್ಲುವ ವಸ್ತು ಕಾಣದಿದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ.

ನಮ್ಮ ಹಂಪಿಯಲ್ಲೂ ಇದೇ ತರ್ಕ. ಅಲೆಗ್ಸಾಂಡರ್ ಗ್ರೀನ್‌ಲಾ 1856ರ ಹೊತ್ತಿಗೆ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದ. 50 ರೂಪಾಯಿ ನೋಟಿನ ಮೇಲಿರುವ ವಿಠ್ಠಲ ಗುಡಿಯ ಕಲ್ಲಿನ ರಥ ಅವನ ಚಿತ್ರದಲ್ಲಿ ನಮಗೆ ಗುರುತೇ ಸಿಗದ ಹಾಗಿದೆ. ಯಾಕೆಂದರೆ ಅದರ ಮೇಲೆ ಇಟ್ಟಿಗೆಯ ಶಿಖರ ಇದೆ! ಇವತ್ತು ಅದು ಇಲ್ಲ. ಕಲ್ಲಿನ ರಥ ಹಾಗಿತ್ತು ಅಂತ ಕಣ್ಣಾರೆ ತೋರಿಸಿದ್ದು ಆ ಫೋಟೋ. ಮೊದಲ ಸಲ ನೋಡಿದಾಗ ನಾನು ಬಹಳ ಹೊತ್ತು ಮಾತಾಡದೆ ಕೂತಿದ್ದೆ.

ವೆನಿಸ್‌ಗೆ ವಾಪಸ್ ಬರೋಣ. ನೆಗೆಟಿವ್‌ನ ಕಾಲ ಬೇರೆ, ನಿಮ್ಮ ಕೈಯಲ್ಲಿರುವ ಕಾಗದದ ಕಾಲ ಬೇರೆ. ಗಾಜಿನ ನೆಗೆಟಿವ್ ಒಡೆಯುವ ತನಕ ಪ್ರಿಂಟ್ ಹಾಕುತ್ತಲೇ ಇರಬಹುದು. ನಾಯಾ ಸತ್ತ ಮೇಲೂ ಅವನ ಅಂಗಡಿ ಮುಚ್ಚಲಿಲ್ಲ. ಹೆಂಡತಿ ನಡೆಸಿದಳು. ಆಮೇಲೆ ಅವಳನ್ನು ಮದುವೆಯಾದ ಶಿಲ್ಪಿ ಆಂತೊನಿಯೊ ದಾಲ್ ಜೊತ್ತೊ ನೋಡಿಕೊಂಡ. ವೆನಿಸ್‌ನಲ್ಲಿ ನಾಟಕಕಾರ ಗೊಲ್ದೋನಿಯ ಪ್ರತಿಮೆ ಇದೆಯಲ್ಲ, 1883ರದ್ದು, ಅದನ್ನು ಮಾಡಿದವನು ಇವನೇ. ಹಳೆ ಹಲಗೆಗಳಿಂದ ಇಪ್ಪತ್ತನೇ ಶತಮಾನದ ತನಕ ಪ್ರಿಂಟ್ ಹೊರಬರುತ್ತಿದ್ದವು.

ನಿಮ್ಮ ಕಾಗದ ಮೊಟ್ಟೆಯ ಬಿಳಿ ಲೋಳೆ ಬಳಿದದ್ದು, ಅಲ್ಬುಮೆನ್ ಕಾಗದ ಅಂತ ಹೆಸರು. 1850ರಲ್ಲಿ ಬಂದ ಪದ್ಧತಿ. ಗುರುತಿಸುವುದು ಸುಲಭ. ಕಾಗದ ತುಂಬಾ ತೆಳ್ಳಗೆ, ತಾನೇ ಸುರುಳಿ ಸುತ್ತಿಕೊಳ್ಳುತ್ತದೆ, ಅದಕ್ಕೇ ರಟ್ಟಿಗೆ ಅಂಟಿಸಿದ್ದು. ಭೂತಗನ್ನಡಿಯಲ್ಲಿ ನೋಡಿದರೆ ಕಾಗದದ ನಾರು ಕಾಣುತ್ತದೆ, ಮೇಲೆ ಕೂದಲೆಳೆಯ ಬಿರುಕುಗಳು. ನೀಲಿ ಮಾಸಿದ ಅಂಚಿನಲ್ಲಿ ಹಳದಿ ಬಂದಿರುವುದು ಆ ಮೊಟ್ಟೆಯದೇ. ಪುಸ್ತಕದ ಅಚ್ಚಿನ ಚಿತ್ರವಾಗಿದ್ದರೆ ಚುಕ್ಕೆಗಳು ಕಾಣಬೇಕಿತ್ತು, ಇಲ್ಲ. ಆಗ ದೊಡ್ಡದು ಮಾಡುವ ರೂಢಿ ಇರಲಿಲ್ಲ, ಕಾಗದವನ್ನು ನೆಗೆಟಿವ್‌ಗೆ ಒತ್ತಿ ಬಿಸಿಲಿಗಿಡುತ್ತಿದ್ದರು. ಅಂದರೆ ನಿಮ್ಮ ಚಿತ್ರ ಎಷ್ಟು ದೊಡ್ಡದೋ ಗಾಜಿನ ಹಲಗೆಯೂ ಕಡಿಮೆ ಅಂದರೆ ಅಷ್ಟು ದೊಡ್ಡದು. ಒಟ್ಟಿನಲ್ಲಿ ಕಟ್ಟಡದ ಸಾಕ್ಷಿ ಹೇಳುವುದು ನೆಗೆಟಿವ್‌ನ ಕಾಲ, ಕಾಗದ ಅದಾದ ಮೇಲೆ ಯಾವಾಗಲಾದರೂ ಮೂಡಿದ್ದಿರಬಹುದು. ಅಲ್ಬುಮೆನ್ ಆದ್ದರಿಂದ ಪ್ರಿಂಟ್ ಕೂಡ 19ನೇ ಶತಮಾನ ದಾಟಿರಲಿಕ್ಕಿಲ್ಲ.

ಇಂಟರ್ನೆಟ್ಟಿನ ಬಣ್ಣದ ಚಿತ್ರ ಬೇರೆ ಜಾತಿ. ಫೋಟೋಕ್ರೋಮ್ ಅಂತಾರೆ. ಜೂರಿಕ್‌ನ ಫೋಟೋಗ್ಲೋಬ್ ಕಂಪನಿ 1890ರ ದಶಕದಲ್ಲಿ ಇಂಥವನ್ನು ಸಾವಿರ ಸಾವಿರ ಅಚ್ಚು ಹಾಕಿತು. ಕಪ್ಪು ಬಿಳುಪಿನ ನೆಗೆಟಿವ್ ಇಟ್ಟುಕೊಂಡು, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಚ್ಚು ಮಾಡಿ, ಒಂದರ ಮೇಲೊಂದು ಒತ್ತುತ್ತಿದ್ದರು. ಯಾವ ಬಣ್ಣ ಎಲ್ಲಿಗೆ ಅಂತ ನಿರ್ಧರಿಸುತ್ತಿದ್ದದ್ದು ಕ್ಯಾಮೆರಾ ಅಲ್ಲ, ಅಚ್ಚಿನ ಮನೆಯ ಕುಶಲಕರ್ಮಿ. ಸಾಮಾನ್ಯ ಜನ ಕೊಳ್ಳಬಹುದಾದ ನಿಜವಾದ ಬಣ್ಣದ ಫೋಟೋ ಹಲಗೆ ಬಂದದ್ದು 1907ರಲ್ಲಿ, ಲುಮಿಯೇರ್ ಸಹೋದರರಿಂದ. ಆದ್ದರಿಂದ ಫೋಟೋಕ್ರೋಮಿನ ಕಟ್ಟಡ ನಂಬಿ, ಬಣ್ಣ ನಂಬಬೇಡಿ.

ನೀವು ಕೇಳದೇ ಇದ್ದ ಒಂದು ವಿಷಯ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಚಿತ್ರದ ಎಡ ಕೆಳಭಾಗದಲ್ಲಿ ನೀರಿಗಿಳಿಯುವ ಮೆಟ್ಟಿಲುಗಳಿವೆ. ಕಲ್ಲಿನ ಮೇಲೆ ಅಡ್ಡಕ್ಕೆ ಒಂದು ಕಪ್ಪು ಪಟ್ಟಿ ಇದೆ, ಮೇಲಂಚು ಗೆರೆ ಎಳೆದ ಹಾಗಿದೆ. ಅದು ಪಾಚಿ. ವೆನಿಸ್‌ನಲ್ಲಿ ದಿನಕ್ಕೆ ಎರಡು ಸಲ ಉಬ್ಬರ ಬರುತ್ತದೆ. ಉಬ್ಬರದ ನೀರು ಎಲ್ಲಿಯ ತನಕ ದಿನವೂ ತೋಯಿಸುತ್ತದೋ ಅಲ್ಲಿಯ ತನಕ ಪಾಚಿ ಬೆಳೆಯುತ್ತದೆ. ಅದಕ್ಕಿಂತ ಮೇಲೆ ಒಣಗಿ ಸಾಯುತ್ತದೆ. ಫೋಟೋದಲ್ಲಿ ಕಾಣುವ ನೀರಿನ ಮಟ್ಟ ಆ ಗಳಿಗೆಯದು ಮಾತ್ರ, ಅದರಿಂದ ಏನೂ ಹೇಳಲಾಗದು. ಪಾಚಿಯ ಗೆರೆ ಹಾಗಲ್ಲ, ಅದು ಬಹಳ ದಿನಗಳ ಸರಾಸರಿ. ಹಳೆ ಕಾಲದ ವೆನಿಸ್‌ನವರು ಈ ಗೆರೆಯನ್ನೇ ಅಳತೆಯಾಗಿ ಇಟ್ಟುಕೊಂಡು ಕಟ್ಟಡ ಕಟ್ಟುತ್ತಿದ್ದರು.

18ನೇ ಶತಮಾನದ ಚಿತ್ರಕಾರರಾದ ಕನಾಲೆಟ್ಟೊ ಮತ್ತು ಬೆಲ್ಲೊಟ್ಟೊ ಈ ಪಾಚಿಯನ್ನೂ ಬಿಡದೆ ಬಿಡಿಸಿದ್ದಾರೆ. ಇಟಲಿಯ ವಿಜ್ಞಾನಿ ದಾರಿಯೊ ಕಮುಫೊ ಆ ಚಿತ್ರಗಳಲ್ಲಿನ ಗೆರೆಯನ್ನು ಅದೇ ಕಟ್ಟಡಗಳ ಇವತ್ತಿನ ಗೆರೆಯ ಜೊತೆ ಹೋಲಿಸಿದರು. ಗೆರೆ ಸುಮಾರು 60 ಸೆಂಟಿಮೀಟರ್ ಮೇಲೇರಿದೆ ಅಂತ ಕಂಡುಬಂತು. ಊರಿನಲ್ಲಿ ನೀರಿನ ಅಳತೆಗೆ ಸೊನ್ನೆ ಅಂತ ಇಟ್ಟುಕೊಂಡದ್ದು 1897ರ ಹೊತ್ತಿನ ಸರಾಸರಿ ಮಟ್ಟ. ಈಗಿನ ಸರಾಸರಿ ಅದಕ್ಕಿಂತ 30 ಸೆಂಟಿಮೀಟರಿಗೂ ಜಾಸ್ತಿ ಮೇಲಿದೆ. ಸಮುದ್ರ ಏರಿದ್ದು ಒಂದು ಕಾರಣ. ಊರು ತಾನೇ ಕುಸಿದದ್ದು ಇನ್ನೊಂದು. ಪಕ್ಕದ ಮಾರ್ಘೇರಾದ ಕಾರ್ಖಾನೆಗಳಿಗೆ ಇಪ್ಪತ್ತನೇ ಶತಮಾನದ ನಡುವೆ ನೆಲದಡಿಯ ನೀರು ಎತ್ತಿ ಎತ್ತಿ ನೆಲ ಇಳಿಯಿತು. 1966ರ ನವೆಂಬರ್ 4ರಂದು ಆ ಸೊನ್ನೆಯ ಮೇಲೆ 194 ಸೆಂಟಿಮೀಟರ್ ನೀರು ಬಂತು, 2019ರ ನವೆಂಬರ್ 12ರಂದು 187. ನಿಮ್ಮ ಚಿತ್ರದಲ್ಲಿ ಒಣಗಿರುವ ಮೇಲಿನ ಮೆಟ್ಟಿಲುಗಳನ್ನು ಈಗ ಪಾಚಿ ಹಿಡಿದಿರಬೇಕು. ಚಂದ್ರ ಸುಳ್ಳು, ಮೋಡ ಸುಳ್ಳು, ದೋಣಿ ಬೇರೆ ಕಡೆಯದು. ಆದರೆ ಆ ಪಾಚಿಯ ಗೆರೆಯನ್ನು ತಿದ್ದಲು ಯಾರಿಗೂ ಕಾರಣ ಇರಲಿಲ್ಲ. ಅದು ನೂರಕ್ಕೆ ನೂರು ನಿಜ.

ನಿಮ್ಮ ಸೋದರಮಾವನವರಿಗೆ ಇಷ್ಟು ಹೇಳಿ. ಅವರಿಗೆ ಅನುಮಾನ ಬಂದದ್ದು ಸರಿಯಾಗಿಯೇ ಇದೆ, ಕಣ್ಣು ಚುರುಕಾಗಿದೆ. ಆದರೆ 'ನಕಲಿ' ಅನ್ನುವ ಮಾತು ಇದಕ್ಕೆ ಹೊಂದುವುದಿಲ್ಲ. ಆಗ ವೆನಿಸ್‌ನಲ್ಲಿ ಕಾರ್ಲೊ ಪೊಂಟಿ ಅನ್ನುವ ಇನ್ನೊಬ್ಬ ಇದ್ದ, ಕನ್ನಡಕ, ಲೆನ್ಸಿನ ವ್ಯಾಪಾರಿ. ಅವನು ಮೆಗಲೆಥೊಸ್ಕೋಪ್ ಅನ್ನುವ ದೊಡ್ಡ ಮರದ ಪೆಟ್ಟಿಗೆ ಮಾಡಿದ. ಅದರೊಳಗೆ ಫೋಟೋ ಇಟ್ಟು ಮುಂದಿನಿಂದ ಬೆಳಕು ಬಿಟ್ಟರೆ ಹಗಲು. ಮುಂದಿನ ಬೆಳಕು ಮುಚ್ಚಿ ಹಿಂದಿನಿಂದ ದೀಪ ಇಟ್ಟರೆ ಅದೇ ಫೋಟೋ ರಾತ್ರಿ ಆಗುತ್ತಿತ್ತು. ಹಿಂದೆ ಬಣ್ಣ ಬಳಿದು, ದೀಪದ ಜಾಗದಲ್ಲಿ ಸೂಜಿಯಿಂದ ತೂತು ಮಾಡಿರುತ್ತಿದ್ದರು. ಹಗಲು ರಾತ್ರಿಯಾಗುವುದನ್ನು ಜನ ಕಣ್ಣ ಮುಂದೆಯೇ ನೋಡಿ ಖುಷಿ ಪಡುತ್ತಿದ್ದರು. ಬೆಳದಿಂಗಳ ಚಿತ್ರ ಕೊಂಡವರೂ ಅಂಥವರೇ. ಮೋಸ ಹೋದವರು ಅನ್ನಲು ನನಗೆ ಮನಸ್ಸಿಲ್ಲ.

ಚಿತ್ರವನ್ನು ಕಾಪಾಡುವುದು ಹೇಗೆ ಅಂತಲೂ ಹೇಳಿಬಿಡುತ್ತೇನೆ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಮೊಟ್ಟೆಯ ಪದರ ಉಬ್ಬಿ ಬಿರಿಯುತ್ತದೆ. ರಟ್ಟಿನಿಂದ ಬಿಡಿಸಲು ಹೋಗಬೇಡಿ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಹರಿದ ಮೂಲೆಗೆ ಸೆಲ್ಲೋಟೇಪ್ ಹಚ್ಚಬೇಡಿ. ಆಮ್ಲ ಇಲ್ಲದ ಕಾಗದದಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿಡಿ. ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಹಾಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ತಿಂಗಳಿಗೊಮ್ಮೆ ಬದಲಿಸಿ. ಗೋಡೆಗೆ ಹಾಕಬೇಕು ಅಂದರೆ ಸ್ಕ್ಯಾನಿನಿಂದ ಒಂದು ಪ್ರಿಂಟ್ ತೆಗೆಸಿ ಅದಕ್ಕೆ ಚೌಕಟ್ಟು ಹಾಕಿಸಿ. ಮೂಲ ಕತ್ತಲಲ್ಲಿರಲಿ, ಬೆಳಕು ಬಿದ್ದರೆ ಆ ನೀಲಿ ಬಣ್ಣ ಬೇಗ ಮಾಸುತ್ತದೆ.

ಸಾಧ್ಯ ಆದರೆ ಎರಡು ಜಾಗವನ್ನು ಇನ್ನೊಮ್ಮೆ, 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಕಳಿಸಿ. ಒಂದು, ಎಡ ಕೆಳಗಿನ ಮೆಟ್ಟಿಲು. ಪಾಚಿಯ ಮೇಲೆ ಎಷ್ಟು ಮೆಟ್ಟಿಲು ಒಣಗಿವೆ ಅಂತ ಎಣಿಸಬೇಕು. ಇನ್ನೊಂದು, ಸೇತುವೆಯ ಬುಡದ ಆ ಜೋಡಿ ಕಾಲು. ಪಕ್ಕದಲ್ಲಿ ಬುಟ್ಟಿಯ ಹಾಗೆ ಏನೋ ನೆಲದ ಮೇಲಿದೆ.